ಗಂಟೆಗೊಂದು ಹಿಮ

ಏಪ್ರಿಲ್‌ನ ಒಂದು ಶನಿವಾರ, ಬೆಳಿಗ್ಗೆ ಏಳೂವರೆ. ಕಾರು ನಿಲ್ಲಿಸಿ ಇಳಿದವನೇ ಪಕ್ಕದಲ್ಲಿ ಪೇರಿಸಿದ್ದ ಹಿಮದ ದಿಬ್ಬಕ್ಕೆ ಕಾರಿನ ಕೀಲಿಕೈ ಚುಚ್ಚಿ ನೋಡಿದೆ. ತುದಿ ಕೂಡ ಇಳಿಯಲಿಲ್ಲ. ರಾತ್ರಿ ಚೆನ್ನಾಗಿ ಹೆಪ್ಪುಗಟ್ಟಿದೆ ಎಂದು ಸಮಾಧಾನವಾಯಿತು. ಅಕ್ಕನ ಮಗ ಕಾರಿನ ಮೇಲಿಂದ ಒಂದೊಂದೇ ಸ್ಕೀ ಬಿಚ್ಚಿ ಇಳಿಸುತ್ತಿದ್ದ. ಡೇವಿಸ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಹುಡುಗ. ಮೂರು ಚಳಿಗಾಲ ಬಾಡಿಗೆ ಸ್ಕೀಗಳ ಮೇಲೆ ಕಲಿತು, ಬಿದ್ದು, ಎದ್ದು, ಈಗ ಸ್ವಂತದ್ದೊಂದು ಜೊತೆ ಕೊಳ್ಳುವ ಮಟ್ಟಕ್ಕೆ ಬಂದಿದ್ದಾನೆ. ಅವನ ಫೋನಿನಲ್ಲಿ ಇಪ್ಪತ್ತೆರಡು ಸ್ಕೀಗಳ ಪಟ್ಟಿ ಇತ್ತು. ಅಗಲ, ಉದ್ದ, ತೂಕ, ಬೆಲೆ, ಯಾರು ಏನು ಹೇಳಿದ್ದಾರೆ ಎಲ್ಲವನ್ನೂ ಸಾಲುಸಾಲಾಗಿ ತುಂಬಿಕೊಂಡಿದ್ದ.

"ಮಾವ, ಸಂಜೆಯೊಳಗೆ ಯಾವ್ದು ತಗೋಬೇಕು ಅಂತ ಗೊತ್ತಾಗ್ಬಿಡ್ಬೇಕು" ಎಂದ.

"ಯಾವ ಹೊತ್ತಿಗೆ ಯಾವ್ದು ಅಂತ ಗೊತ್ತಾಗತ್ತೆ ಕಣೋ. ಎಲ್ಲಾ ಹೊತ್ತಿಗೂ ಒಂದೇ ಯಾವ್ದು ಅನ್ನೋದು ಇವತ್ತಿನ ಹಿಮ ಹೇಳ್ಬೇಕು" ಎಂದೆ.

ನಾವಿದ್ದದ್ದು ಕ್ಯಾಲಿಫೋರ್ನಿಯಾದ ಲೇಕ್ ಟಾಹೋ ಸಮೀಪದ ಆಲ್ಪೈನ್ ಮೆಡೋಸ್‌ನಲ್ಲಿ. ಬೆಟ್ಟದ ಆಚೆ ಬದಿಯ ಕಣಿವೆಯಲ್ಲಿ 1960ರ ಚಳಿಗಾಲದ ಒಲಿಂಪಿಕ್ಸ್ ನಡೆದಿತ್ತು. ಈಗ ಎರಡೂ ಸೇರಿ ಪ್ಯಾಲಿಸೇಡ್ಸ್ ಟಾಹೋ ಎಂಬ ಒಂದೇ ಹೆಸರಿನ ಅಡಿ ನಡೆಯುತ್ತವೆ. 2022ರ ಡಿಸೆಂಬರಿನಲ್ಲಿ ಶುರುವಾದ ಗೊಂಡೊಲಾ ಎರಡು ಕಣಿವೆಗಳನ್ನೂ ಜೋಡಿಸಿದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಊರುಗಳಿಂದ ನಾಲ್ಕು ಗಂಟೆಯ ದಾರಿ. ನಮ್ಮ ಕನ್ನಡ ಬಳಗದ ಮನೆಗಳವರು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಯುಗಾದಿ ಬಂತೆಂದರೆ ಹಿಮದ ಮಾತು ಮುಗಿಯಿತು, ಬೂಟು, ಟೋಪಿ ಎಲ್ಲ ಅಟ್ಟಕ್ಕೆ. ನನಗೆ ಮಾತ್ರ ವರ್ಷದ ಅತ್ಯುತ್ತಮ ದಿನಗಳು ಶುರುವಾಗುವುದೇ ಆಗ. ಹದಿನೈದು ವರ್ಷದಿಂದ ಈ ಮಾತು ಹೇಳುತ್ತಲೇ ಬಂದಿದ್ದೇನೆ. ನಂಬಿ ಜೊತೆಗೆ ಬಂದವನು ಈ ಹುಡುಗನೊಬ್ಬನೇ.

ಶಾಂತಸಾಗರದ ತೇವ ಹೊತ್ತ ಮೋಡಗಳು ತಡೆದು ನಿಲ್ಲುವುದು ಸಿಯೆರಾ ನೆವಾಡ ಬೆಟ್ಟಸಾಲಿಗೆ. ಹಾಗಾಗಿ ಇಲ್ಲಿ ಬೀಳುವ ಹಿಮ ಭಾರ, ಒದ್ದೆ. ಸ್ಥಳೀಯರು ಅದನ್ನು ಸಿಯೆರಾ ಸಿಮೆಂಟ್ ಎನ್ನುತ್ತಾರೆ. ಬೀಳುವ ಪ್ರಮಾಣವೂ ಅಷ್ಟೇ ದೊಡ್ಡದು. ಹತ್ತಿರದ ಡಾನರ್ ಕಣಿವೆದಾರಿಯ ಬಳಿ ಬರ್ಕ್ಲಿ ವಿಶ್ವವಿದ್ಯಾಲಯದ ಹಿಮ ಪ್ರಯೋಗಾಲಯವಿದೆ. 2022–23ರ ಚಳಿಗಾಲದಲ್ಲಿ ಅಲ್ಲಿ ಅಳೆದದ್ದು 754 ಇಂಚು, ಅಂದರೆ 19 ಮೀಟರಿಗೂ ಹೆಚ್ಚು. ಅದನ್ನು ಮೀರಿದ್ದು 1951–52ರ 812 ಇಂಚು ಮಾತ್ರ. ಇಷ್ಟು ದಪ್ಪ ಹಾಸು ಏಪ್ರಿಲ್ ಬಂದರೂ ಕರಗಿ ಮುಗಿಯುವುದಿಲ್ಲ. ಬಿಸಿಲಿನ ಏರು ನೋಡಿದರೆ ಏಪ್ರಿಲ್ ಮಧ್ಯದ ಸೂರ್ಯನೂ ಆಗಸ್ಟ್ ಕೊನೆಯ ಸೂರ್ಯನೂ ಒಂದೇ. ಕಾಲಡಿ ಜನವರಿ, ನೆತ್ತಿಯ ಮೇಲೆ ಆಗಸ್ಟ್. ವಸಂತದ ಸ್ಕೀಯಿಂಗ್ ಇವೆರಡರ ನಡುವೆ ನಡೆಯುತ್ತದೆ.

ಹಿಮ ಎಂದರೆ ಒಂದೇ ವಸ್ತು ಎಂದು ನಾನೂ ಬಹಳ ಕಾಲ ನಂಬಿದ್ದೆ. ಚಳಿಗಾಲದಲ್ಲಿ ಹೊಸದಾಗಿ ಬಿದ್ದ ಹಿಮ ಬೆರಳ ಸಂದಿನಲ್ಲಿ ಚಿರೋಟಿ ರವೆಯಂತೆ ಸೋರುತ್ತದೆ. ಮಾರ್ಚ್ ಕಳೆಯುತ್ತಿದ್ದಂತೆ ಅದು ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ, ಮತ್ತೆ ಹೆಪ್ಪುಗಟ್ಟುವ ಚಕ್ರಕ್ಕೆ ಬೀಳುತ್ತದೆ. ಕರಗುವಾಗ ಸಣ್ಣ ಹರಳುಗಳು ಮೊದಲು ಹೋಗುತ್ತವೆ. ಆ ನೀರು ದೊಡ್ಡ ಹರಳುಗಳಿಗೆ ಹತ್ತಿ ಅವು ಇನ್ನೂ ದುಂಡಗಾಗುತ್ತವೆ. ಹತ್ತಾರು ದಿನ ಹೀಗೆ ನಡೆದ ಮೇಲೆ ಚಿರೋಟಿ ರವೆ ಬನ್ಸಿ ರವೆಯಾಗುತ್ತದೆ, ಅಲ್ಲಿಂದ ಮುಂದೆ ನೆನೆಸಿಟ್ಟ ಸಬ್ಬಕ್ಕಿ. ದುಂಡಗೆ, ಅರೆಪಾರದರ್ಶಕವಾಗಿ, ಒಂದಕ್ಕೊಂದು ಮೆತ್ತಗೆ ಅಂಟಿಕೊಂಡ ಕಾಳುಗಳು. ಇಲ್ಲಿನವರು ಇದಕ್ಕೆ ಕಾರ್ನ್ ಎನ್ನುತ್ತಾರೆ. ನನಗೆ ಸಬ್ಬಕ್ಕಿಯೇ ಸರಿ ಅನ್ನಿಸುತ್ತದೆ. ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದರೆ ಅಮ್ಮ ಪಾಯಸಕ್ಕೆಂದು ನೆನೆಸಿದ ಬಟ್ಟಲೇ ನೆನಪಾಗುತ್ತದೆ.

ರಾತ್ರಿಯ ಹೆಪ್ಪು ಇದಕ್ಕೆಲ್ಲ ಆಧಾರ. ನಮ್ಮ ಬಯಲುಸೀಮೆಯಲ್ಲಿ ಮಾಗಿಯ ರಾತ್ರಿ ಮೋಡವಿಲ್ಲದಿದ್ದರೆ ಚಳಿ ಹೆಚ್ಚು ಕಚ್ಚುತ್ತದಲ್ಲ, ಅದೇ ಲೆಕ್ಕ ಇಲ್ಲೂ. ತೆರೆದ ಆಕಾಶಕ್ಕೆ ಹಿಮ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣತೆ ಸೊನ್ನೆಗಿಂತ ತುಸು ಮೇಲಿದ್ದರೂ ಮೇಲ್ಪದರ ಗಟ್ಟಿಯಾಗಿಬಿಡುತ್ತದೆ. ಮೋಡ ಮುಚ್ಚಿದ ರಾತ್ರಿ ಹಾಗಾಗುವುದಿಲ್ಲ. ಅಂಥ ಬೆಳಿಗ್ಗೆ ಕೀಲಿಕೈ ಸಲೀಸಾಗಿ ಒಳಹೋಗುತ್ತದೆ. ಆಗ ಸ್ಕೀ ಹೋಲಿಸುವ ಆಸೆ ಬಿಟ್ಟು ಮನೆಗೆ ಹೊರಡುವುದು ಲೇಸು. ಬೆಳಗಿನ ಬಿಸಿಲು ಬಿದ್ದಾಗ ಮೊದಲು ಸಡಿಲವಾಗುವುದು ಕಾಳುಗಳ ನಡುವಿನ ಬೆಸುಗೆ. ಕಾಳು ಕಾಳಾಗಿಯೇ ಉಳಿದು ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಬಿಡಿಸಿಕೊಳ್ಳುತ್ತದೆ, ಕೆಳಗೆ ಕಲ್ಲಿನಂಥ ಹಾಸು. ಒಂದು ಗ್ರಾಂ ಮಂಜುಗಡ್ಡೆ ಕರಗಲು ಬೇಕಾದ 80 ಕ್ಯಾಲೊರಿ ಶಾಖದಲ್ಲಿ ಒಂದು ಗ್ರಾಂ ತಣ್ಣೀರನ್ನು 80 ಡಿಗ್ರಿಗೆ ಕಾಯಿಸಬಹುದು. ಅದಕ್ಕೇ ಈ ಸಡಿಲಿಕೆ ದಿಢೀರನೆ ಆಗದೆ ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತದೆ. ಬಿಸಿಲಿಗೆ ಮುಖಮಾಡಿದ ಇಳಿಜಾರು ಮೊದಲು ಹದಕ್ಕೆ ಬರುತ್ತದೆ, ನೆರಳಿನದು ಕೊನೆಗೆ. ಆಲ್ಪೈನ್ ಮೆಡೋಸ್‌ನ ಹಿಂಬದಿಯ ಶೆರ್‌ವುಡ್ ಇಳಿಜಾರಿಗೆ ವಸಂತದ ಬೆಳಿಗ್ಗೆ ಜನ ಮುಗಿಬೀಳುವುದು ಇದೇ ಕಾರಣಕ್ಕೆ.

ಹುಡುಗನ ಪಟ್ಟಿಯಲ್ಲಿ ಒಂದೇ ಸ್ಕೀಯನ್ನು ಒಬ್ಬರು ಬಂಡೆಯಂತೆ ಸ್ಥಿರ ಎಂದಿದ್ದರು, ಇನ್ನೊಬ್ಬರು ಹಿಡಿತವೇ ಇಲ್ಲ ಎಂದಿದ್ದರು. ಯಾರನ್ನು ನಂಬುವುದೆಂದು ಅವನಿಗೆ ಗೊಂದಲ. ಇಬ್ಬರೂ ನಿಜವನ್ನೇ ಹೇಳಿರಬಹುದು. ಒಬ್ಬರು ಅದನ್ನು ಹನ್ನೊಂದು ಗಂಟೆಗೆ ತುಳಿದಿರುತ್ತಾರೆ, ಮತ್ತೊಬ್ಬರು ಎಂಟೂವರೆಗೆ. ಚಳಿಗಾಲದ ನಡುವೆ ದಿನವಿಡೀ ಹಿಮ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ, ಆಗ ಸ್ಕೀ ಬದಲಿಸಿದರೆ ಸ್ಕೀಯ ಗುಣವೇ ಕಾಣುತ್ತದೆ. ವಸಂತದಲ್ಲಿ ನೀವು ಸ್ಕೀ ಬದಲಿಸುವಷ್ಟರಲ್ಲಿ ಹಿಮವೂ ಬದಲಾಗಿರುತ್ತದೆ.

ಈ ಕಷ್ಟಕ್ಕೆ ನಾನು ಕಂಡುಕೊಂಡ ಉಪಾಯ ಶ್ರುತಿಯದು. ಹಾಡುಗಾರರು ಎಷ್ಟೇ ದೂರ ಹೋದರೂ ತಂಬೂರಿಯ ಷಡ್ಜಕ್ಕೆ ಮರಳಿ ಬಂದು ಕಿವಿ ಸರಿಮಾಡಿಕೊಳ್ಳುತ್ತಾರೆ. ಹಾಗೆ ಒಂದು ಜೊತೆ ಸ್ಕೀಯನ್ನು ಶ್ರುತಿಯಾಗಿ ಇಟ್ಟುಕೊಳ್ಳಬೇಕು. ನನ್ನದು ಎಂಟು ವರ್ಷದ ಹಳೆಯ ಜೊತೆ, ಸೊಂಟ 88 ಮಿಲಿಮೀಟರ್, ಉದ್ದ 172 ಸೆಂಟಿಮೀಟರ್. ಅದರ ಸ್ವಭಾವ ನನ್ನ ಕಾಲಿಗೆ ಬಾಯಿಪಾಠ. ಹೊಸದೊಂದನ್ನು ಒಮ್ಮೆ ತುಳಿದ ಮೇಲೆ ಅದೇ ಇಳಿಜಾರಿನಲ್ಲಿ, ಅದೇ ಜಾಡಿನಲ್ಲಿ ಇದನ್ನು ಒಮ್ಮೆ ತುಳಿಯುವುದು. ಆಗ ಬದಲಾದದ್ದು ಹಿಮವೋ ಸ್ಕೀಯೋ ತಿಳಿಯುತ್ತದೆ. ತುಳಿದ ಕೂಡಲೇ, ಲಿಫ್ಟಿನಲ್ಲಿ ಕೂತಾಗಲೇ, ಸಣ್ಣ ನೋಟ್‌ಬುಕ್ಕಿನಲ್ಲಿ ಗಂಟೆ, ಸ್ಕೀ ಮತ್ತು ಒಂದೇ ಒಂದು ಪದ. ಕಚ್ಚಿತು, ಜಾರಿತು, ಅದುರಿತು, ಎಳೆಯಿತು. ಮೂರು ವಾಕ್ಯ ಬರೆಯಲು ಹೋದರೆ ಕಾಲಿನ ಮಾತು ಬಿಟ್ಟು ತಲೆಯ ಮಾತು ಬರೆಯುತ್ತೇವೆ.

ಬಾಡಿಗೆಗೆ ತಂದದ್ದು ಮೂರು ಜೊತೆ. ತಯಾರಕರ ಹೆಸರು ಇಲ್ಲಿ ಬೇಡ. ಪ್ರತಿ ವರ್ಷ ಮಾದರಿಗಳು ಬದಲಾಗುತ್ತವೆ, ಬದಲಾಗದೆ ಉಳಿಯುವುದು ಆಕಾರ ಮತ್ತು ಒಳಗಿನ ಕಟ್ಟು. ಮೊದಲನೆಯದರ ಸೊಂಟ 70 ಮಿಲಿಮೀಟರ್, ಮಟ್ಟಸ ಮಾಡಿದ ಇಳಿಜಾರಿಗೆಂದೇ ಮಾಡಿದ್ದು. ಎರಡನೆಯದು 96, ಮರದ ಹೊಟ್ಟೆಯ ಮೇಲೂ ಕೆಳಗೂ ಲೋಹದ ಹಾಳೆ. ಮೂರನೆಯದು 108, ಲೋಹವಿಲ್ಲದ ಹಗುರ ಮರದ್ದು, ಎರಡೂ ತುದಿ ದೋಣಿಯಂತೆ ಮೇಲೆದ್ದದ್ದು.

ಸೊಂಟ ಎಂದೆ. ಸ್ಕೀಯನ್ನು ಮೇಲಿಂದ ನೋಡಿದರೆ ಎಳೆದು ಉದ್ದ ಮಾಡಿದ ಡಮರುವಿನಂತೆ ಕಾಣುತ್ತದೆ. ತುದಿ ಬಾಲ ಅಗಲ, ನಡು ಸಣ್ಣ. ಓರೆ ಮಾಡಿ ಭಾರ ಹಾಕಿದರೆ ಈ ಬಾಗಿದ ಅಂಚು ಹಿಮದಲ್ಲಿ ಕೂತು ತಾನಾಗಿ ತಿರುವು ತೆಗೆದುಕೊಳ್ಳುತ್ತದೆ. ನಾರ್ವೆಯ ಟೆಲೆಮಾರ್ಕ್ ಸೀಮೆಯ ಸೋಂದ್ರೆ ನುರ್‌ಹೈಮ್ 19ನೇ ಶತಮಾನದಲ್ಲೇ ಸೊಂಟವಿರುವ ಸ್ಕೀ ಬಳಸಿದ್ದ. ಆದರೆ ಆ ಸೊಂಟ ಎದ್ದು ಕಾಣುವಷ್ಟು ಸಣ್ಣದಾದದ್ದು ತೊಂಬತ್ತರ ದಶಕದಲ್ಲಿ, ಸ್ಲೊವೇನಿಯಾದ ಎಲಾನ್ ಕಾರ್ಖಾನೆಯ ಯೂರಿ ಫ್ರಾಂಕೊ ಮತ್ತು ಪಾವೆಲ್ ಷ್ಕೋಫಿತ್ಸ್ ಎಂಬ ಎಂಜಿನಿಯರುಗಳ ಎಸ್‌ಸಿಎಕ್ಸ್ ಮಾದರಿ ಬಂದಾಗ. ಅದುವರೆಗೆ ವರ್ಷಗಟ್ಟಲೆ ಬೆವರು ಸುರಿಸಿ ಕಲಿಯುತ್ತಿದ್ದ ತಿರುವನ್ನು ಸಾಮಾನ್ಯರೂ ಬೇಗ ಕಲಿಯುವಂತಾಯಿತು. ನನ್ನಂತೆ ಮೂವತ್ತು ದಾಟಿದ ಮೇಲೆ, ಹಿಮವೇ ಕಾಣದ ಊರಿಂದ ಬಂದು ಕಲಿತವರು ಆ ಇಬ್ಬರಿಗೂ ಋಣಿಗಳು.

ಬಾಗಿನ ಲೆಕ್ಕವೊಂದಿದೆ. ಹಳೆಯ ಬಗೆಯ ಸ್ಕೀಯನ್ನು ಮೇಜಿನ ಮೇಲಿಟ್ಟರೆ ನಡು ಬಿಲ್ಲಿನಂತೆ ಮೇಲೆದ್ದಿರುತ್ತದೆ. ಅದು ಕ್ಯಾಂಬರ್. ನಿಂತಾಗ ಆ ಬಿಲ್ಲು ಒತ್ತಿಕೊಂಡು ಭಾರವನ್ನು ತುದಿಯಿಂದ ಬಾಲದವರೆಗೆ ಹಂಚುತ್ತದೆ, ಗಟ್ಟಿ ಹಿಮದಲ್ಲಿ ಅಂಚಿಗೆ ಹಿಡಿತ ಸಿಗುತ್ತದೆ. ತುದಿ ಬಹು ಮುಂಚೆಯೇ ಮೇಲೇಳಲು ಶುರುವಾದರೆ ಅದು ರಾಕರ್. ಮೆದು ಹಿಮದಲ್ಲಿ ಮುಳುಗದೆ ತೇಲುತ್ತದೆ.

ಬೂಟು ಕೂರಿಸುವ ಬೈಂಡಿಂಗ್ ಬಗ್ಗೆ ಒಂದು ಮಾತು. ಪರೀಕ್ಷೆಗೆ ಕೊಡುವ ಸ್ಕೀಗಳಲ್ಲಿ ಅದು ಹಳಿಯ ಮೇಲೆ ಸರಿಯುತ್ತದೆ, ಬೂಟಿನ ಅಡಿಯ ಉದ್ದಕ್ಕೆ ಹೊಂದಿಸಬಹುದು. ನಮ್ಮಿಬ್ಬರದೂ 305 ಮಿಲಿಮೀಟರ್. ಆದರೆ ಬಿದ್ದಾಗ ಎಷ್ಟು ಬಲಕ್ಕೆ ಕಾಲನ್ನು ಬಿಟ್ಟುಕೊಡಬೇಕೆಂಬ ಬಿಗಿ ತೂಕ, ಎತ್ತರ, ವಯಸ್ಸು, ಅನುಭವ ಎಲ್ಲವನ್ನೂ ನೋಡಿ ಇಡುವಂಥದ್ದು. ಬಾಡಿಗೆ ಕೊಟ್ಟವರು ಇಬ್ಬರಿಗೂ ಬೇರೆಬೇರೆ ಅಂಕಿ ಬರೆದುಕೊಟ್ಟಿದ್ದರು. ಸ್ಕೀ ಕೈಬದಲಾದಾಗಲೆಲ್ಲ ಸ್ಕ್ರೂಡ್ರೈವರ್ ಹಿಡಿದು ಅದನ್ನು ತಿರುಗಿಸಿಕೊಂಡೆವು. ಇಪ್ಪತ್ತು ಬಾರಿಯಾದರೂ ಸರಿ, ಇದರಲ್ಲಿ ಸೋಮಾರಿತನ ಕೂಡದು. ವಸಂತದ ಹಿಮ ಕಾಲನ್ನು ಹಿಡಿದೆಳೆಯುವ ಹಿಮ, ಮಂಡಿ ನಮ್ಮದು.

ಲಿಫ್ಟ್ ಶುರುವಾದ ಕೂಡಲೇ ಹತ್ತಿದೆವು. ನೆರಳಿನಲ್ಲಿದ್ದ ಇಳಿಜಾರು ಗಾರೆ ನೆಲದಂತೆ ಬಿರುಸಾಗಿತ್ತು, ಹಿಂದಿನ ಸಂಜೆ ಯಂತ್ರ ಎಳೆದ ಗೀರುಗಳು ಹಾಗೇ ಹೆಪ್ಪುಗಟ್ಟಿದ್ದವು. ನಾನು 70, ಹುಡುಗ 108. ಮೊದಲ ತಿರುವಿನಲ್ಲೇ 70 ಅಂಚೂರಿ ಕೂತಿತು, ಚಾಕು ಸೋಪಿನ ಮೇಲೆ ಓಡಿದ ಹಾಗೆ. ಇಷ್ಟು ಗಟ್ಟಿ ಹಿಮದಲ್ಲಿ ಅಂಚು ಪಾದದ ಕೆಳಗೇ ಇರಬೇಕು. ಅಗಲ ಸ್ಕೀಯಲ್ಲಿ ಅಂಚು ಮೊಣಕಾಲಿನ ನೇರದಿಂದ ಹೊರಕ್ಕೆ ಹೋಗಿರುತ್ತದೆ, ಪ್ರತಿ ಸಲ ಓರೆ ಮಾಡುವಾಗ ಕಣಕಾಲು ತಿರುಚಿಕೊಂಡು ಹೋರಾಡಬೇಕು. ಮೇಲಿಂದ ನೋಡುತ್ತಿದ್ದೆ. ಹುಡುಗನ ಸ್ಕೀಗಳ ತುದಿಗಳು ಪಟಪಟ ಬಡಿದುಕೊಳ್ಳುತ್ತಿದ್ದವು, ಪ್ರತಿ ತಿರುವಿನ ಕೊನೆಯಲ್ಲೂ ಬಾಲ ಜಾರುತ್ತಿತ್ತು. ಕೆಳಗೆ ಬಂದು ಅವನು ನೋಟ್‌ಬುಕ್ಕಿನಲ್ಲಿ ಬರೆದ ಪದ ‘ಭಯ’.

"ಇದನ್ನ ಪಟ್ಟಿಯಿಂದ ತೆಗೆದ್ಬಿಡ್ಲಾ ಮಾವ?"

"ಹೊತ್ತು ಬರೆದಿದ್ಯಾ?"

ಬರೆದಿರಲಿಲ್ಲ. ‘8.50’ ಎಂದು ಸೇರಿಸಿದ.

ಹತ್ತರ ಹೊತ್ತಿಗೆ ಬಿಸಿಲು ಇಳಿಜಾರಿನ ಮೇಲ್ಭಾಗಕ್ಕೆ ಬಂತು. ಹತ್ತೂಕಾಲಿಗೆ ಸ್ಕೀ ಕೋಲಿನ ತುದಿ ಊರಿದಾಗ ಟಕ್ ಎನ್ನುವ ಸದ್ದು ಹೋಗಿ ಸರ್ ಎನ್ನುವ ಸದ್ದು ಬಂತು. ಆ ಸದ್ದಿಗಾಗಿಯೇ ನಾನು ವರ್ಷವಿಡೀ ಕಾಯುವುದು. ಮೇಲೆ ಒಂದೂವರೆ ಸೆಂಟಿಮೀಟರ್ ಸಬ್ಬಕ್ಕಿ, ಕೆಳಗೆ ಅಲ್ಲಾಡದ ಹಾಸು. ಸ್ಕೀ ಒಂದಿಷ್ಟು ಕೂರುತ್ತದೆ, ಅಲ್ಲಿಂದ ಕೆಳಗೆ ಇಳಿಯುವುದಿಲ್ಲ. ತಿರುವಿಗೆ ಹಾಕಿದಷ್ಟೇ ಭಾರ, ಕೇಳಿದಷ್ಟೇ ಬಾಗು. ಹಿಂದಿನಿಂದ ಕಾಳುಗಳು ಚಿಮ್ಮಿ ಇಳಿಜಾರಿನ ಮೇಲೆ ಉರುಳುತ್ತ ನಮ್ಮ ಜೊತೆಗೇ ಓಡಿಬರುತ್ತವೆ, ಮಣಿಸರ ಹರಿದು ಚೆಲ್ಲಿದ ಹಾಗೆ ಸಣ್ಣದೊಂದು ಕಿಣಿಕಿಣಿ. ವೇಗವಿದ್ದರೂ ಹೆದರಿಕೆಯಿಲ್ಲ. ನಲವತ್ತು ತಿರುವುಗಳಲ್ಲಿ ಒಂದರ ಬಗ್ಗೆಯೂ ಯೋಚಿಸಿದ ನೆನಪಿಲ್ಲ.

ಮುಂದಿನ ಮುಕ್ಕಾಲು ಗಂಟೆಯಲ್ಲಿ ನಾಲ್ಕೂ ಸ್ಕೀಗಳನ್ನು ಅದಲುಬದಲು ಮಾಡಿದೆವು. ನೋಟ್‌ಬುಕ್ಕಿನ ಆ ಪುಟ ಈಗ ತೆಗೆದು ನೋಡಿದರೂ ಖುಷಿಯಾಗುತ್ತದೆ. 70: ‘ಬೆಣ್ಣೆ’. 88: ‘ಬೆಣ್ಣೆ’. 96: ‘ಬೆಣ್ಣೆ, ಭಾರ’. ಬೆಳಿಗ್ಗೆ ಭಯವೆಂದು ಬರೆಸಿಕೊಂಡಿದ್ದ 108: ‘ಬೆಣ್ಣೆ, ಸಡಿಲ’. ಹಿಮ ಹದದಲ್ಲಿದ್ದಾಗ ಎಲ್ಲ ಸ್ಕೀಯೂ ಒಳ್ಳೆಯದೇ. ಅಂಗಡಿಯವರು ಗಿರಾಕಿಗಳನ್ನು ಹತ್ತೂವರೆಗೆ ಹತ್ತಿಸಿದರೆ ಯಾವ ಜೊತೆಯಾದರೂ ಮಾರಾಟವಾಗುತ್ತದೆ. ಈ ಹೊತ್ತಿನಲ್ಲಿ ಸ್ಕೀ ಪರೀಕ್ಷಿಸಿ ಕೊಂಡವರು ಬಹಳ. ನಾನೂ ಒಮ್ಮೆ ಕೊಂಡಿದ್ದೇನೆ. ಹದದ ಹೊತ್ತು ಸ್ಕೀಯನ್ನು ಅನುಭವಿಸುವ ಹೊತ್ತು. ತೂಗಿ ನೋಡಬೇಕಾದದ್ದು ಅದರ ಮುಂಚೆ, ಅದರ ನಂತರ.

ಹನ್ನೊಂದೂವರೆ ದಾಟಿತು. ಸಡಿಲಿಕೆ ಈಗ ಪಾದದ ಅರ್ಧ ಮುಳುಗುವಷ್ಟು. ಜನ ತಿರುಗಿ ತಿರುಗಿ ಹಿಮವನ್ನು ಗುಡ್ಡೆಗುಡ್ಡೆಯಾಗಿ ತಳ್ಳಿದ್ದರು. 70 ಇಲ್ಲಿ ಸೋತಿತು. ಅಗಲ ತುದಿ, ಚೂಪು ಸೊಂಟ, ಚಿಕ್ಕ ತಿರುವಿಗೆಂದು ಮಾಡಿದ ಮೈ. ಗುಡ್ಡೆಗೆ ತಾಗಿದೊಡನೆ ತುದಿ ಸಿಕ್ಕಿಕೊಂಡು ಬೇಡದ ಕಡೆ ತಿರುಗಿಸುತ್ತಿತ್ತು. ಬೆಳಿಗ್ಗೆ ಅದರ ಬಲವಾಗಿದ್ದದ್ದೇ ಈಗ ಅದರ ತೊಂದರೆ. 96 ಮಾತ್ರ ಎತ್ತಿನಗಾಡಿಯ ಕಬ್ಬಿಣದ ಪಟ್ಟಿ ಕೆಸರಿನಲ್ಲಿ ಉರುಳಿದ ಹಾಗೆ ಗುಡ್ಡೆಗಳನ್ನು ಸೀಳಿಕೊಂಡು ನೇರ ಹೋಯಿತು. ಇದು ಆ ಲೋಹದ ಹಾಳೆಯ ಕೆಲಸ. ಟೈಟಾನಾಲ್ ಎಂದು ಹೆಸರು. ಟೈಟಾನಿಯಂ ನೆನಪಾಗುವ ಹೆಸರಾದರೂ ಅದು ಅಲ್ಯೂಮಿನಿಯಂ ಮಿಶ್ರಲೋಹ. ತೂಕ ಕೊಡುತ್ತದೆ, ತಿರುಚಿಕೊಳ್ಳದಂತೆ ಹಿಡಿಯುತ್ತದೆ, ಅದುರು ಕಾಲಿಗೆ ಬರದಂತೆ ನುಂಗುತ್ತದೆ. ವಸಂತದ ಹಿಮಕ್ಕೆ ಅಗಲ ಸ್ಕೀ ಬೇಕೆಂದು ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಕೆಳಗಿನ ಹಾಸು ಗಟ್ಟಿಯಾಗಿ ಇರುವಷ್ಟು ಕಾಲ ಅಗಲಕ್ಕಿಂತ ತೂಕ ಮತ್ತು ಬಿಗಿ ಮುಖ್ಯ. ಸ್ಕೀ ಹೇಗೂ ಹಾಸಿನ ಮೇಲೆಯೇ ನಿಲ್ಲುತ್ತದೆ, ಅದನ್ನು ತೇಲಿಸಬೇಕಾಗಿಲ್ಲ. ಹಾಸೂ ಕೊಳೆತು ಕಾಲು ಕೆಳಕ್ಕೆ ಹೋಗಲು ಶುರುವಾದಾಗ ಅಗಲದ ಸರದಿ ಬರುತ್ತದೆ.

ಆ ಸರದಿ ಒಂದು ಗಂಟೆಗೆ ಬಂತು. ನಾನು ಉತ್ಸಾಹದಿಂದ 108 ಹಾಕಿಕೊಂಡೆ. ಈ ಬಗೆಯ ಸ್ಕೀಯ ಕಥೆ ಬೆಟ್ಟದ ಆಚೆ ಬದಿಯ ಕಣಿವೆಯದೇ. ಅಲ್ಲಿ ನೆಲೆಸಿದ್ದ ಶೇನ್ ಮೆಕಾಂಕಿ ಎಂಬ ಸ್ಕೀಪಟು, ಮೆದು ಹಿಮದಲ್ಲಿ ಜಾರುವುದು ನೆಲದ ಮೇಲೆ ಓಡುವುದಕ್ಕಿಂತ ನೀರಿನ ಮೇಲೆ ತೇಲುವುದಕ್ಕೆ ಹತ್ತಿರ ಎಂದು ಕಂಡುಕೊಂಡಿದ್ದ. ನೀರಿನ ಸ್ಕೀಗಳಿಗೆ ಹಿಮದ ಬೈಂಡಿಂಗ್ ಬಿಗಿದು ಅಲಾಸ್ಕಾದ ಬೆಟ್ಟ ಇಳಿದೇ ಅದನ್ನು ತೋರಿಸಿದ. ಅವನ ಹಟದಿಂದ 2002ರ ಸುಮಾರಿಗೆ ವೊಲಾಂಟ್ ಕಂಪನಿ ಸ್ಪ್ಯಾಚುಲಾ ಎಂಬ ಸ್ಕೀ ತಯಾರಿಸಿತು. ಬಿಲ್ಲು ತಿರುವುಮುರುವು, ಸೊಂಟವೂ ತಿರುವುಮುರುವು, ನಡುವೇ ಅಗಲ. ಇಂದಿನ ಅಗಲ ಸ್ಕೀಗಳ ಮೇಲೆದ್ದ ತುದಿಗಳೆಲ್ಲ ಆ ಯೋಚನೆಯ ಸಂತಾನ. 2009ರಲ್ಲಿ ಇಟಲಿಯ ಡೊಲೊಮೈಟ್ಸ್‌ನಲ್ಲಿ ಮೆಕಾಂಕಿ ತೀರಿಕೊಂಡ. ಮಧ್ಯಾಹ್ನದ ಈ ಅಂಬಲಿಯಂಥ ಹಿಮದಲ್ಲಿ ಅವನ ಮಾತು ನಿಜವಾಗುವುದನ್ನು ಹುಡುಗನಿಗೆ ತೋರಿಸಬೇಕೆಂದು ನನ್ನ ಆಸೆ.

ಮೂರನೇ ತಿರುವಿನಲ್ಲಿ ಸ್ಕೀ ನಿಂತೇಬಿಟ್ಟಿತು. ಕಾಲು ನಿಂತು ಮೈ ಮುಂದಕ್ಕೆ ಹೋಯಿತು. ಹೇಗೋ ಸಾವರಿಸಿಕೊಂಡೆ. ಮತ್ತೆ ಜಾರಿತು, ಮತ್ತೆ ಎಳೆಯಿತು. ಹಿಮದ ಕೆಳಗಿಂದ ಯಾರೋ ಪಾದ ಹಿಡಿದಂತೆ. ಕೆಳಗೆ ಹೋಗಿ 88 ಹಾಕಿಕೊಂಡು ಬಂದೆ. ಅದೂ ನಿಧಾನವಾಗಿತ್ತು, ಆದರೆ ಹಿಡಿದು ನಿಲ್ಲಿಸಲಿಲ್ಲ. ಹುಡುಗನೂ 108 ತುಳಿದ, ಅವನಿಗೂ ಅದೇ ಪಾಡು, ಎರಡು ಸಲ ಮುಗ್ಗರಿಸಿದ. ‘1.20, 108, ಬೇಡ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಶ್ರುತಿಗೂ ಹಿಡಿದು ನೋಡಿದ್ದಾಗಿತ್ತು, ತೀರ್ಪಿಗೆ ಅಡ್ಡಿಯಿಲ್ಲ ಎಂದು ನಾನೂ ಒಪ್ಪಿದೆ. ಊಟಕ್ಕೆ ಕೂತೆವು. ತಂದಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿ, ಸ್ಕೀಗಳನ್ನು ಗೋಡೆಗೆ ತಳ ಮೇಲಾಗಿ ಒರಗಿಸಿದಾಗ ಕಣ್ಣಿಗೆ ಬಿತ್ತು.

ನನ್ನ 88ರ ತಳ ಕಪ್ಪಗೆ ಹೊಳೆಯುತ್ತಿತ್ತು. 108ರ ತಳ ಅಂಚಿನುದ್ದಕ್ಕೂ ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಬೆರಳು ಸವರಿದರೆ ಒಣಗಿದ ಚರ್ಮದ ಒರಟು. ಮೇಲಿಂದ ಪೈನ್ ಮರದ ಪರಾಗ, ಧೂಳು, ಜಿಡ್ಡು ಸೇರಿದ ಮಸಿ. ಬೆರಳು ಕಪ್ಪಾಯಿತು. ಆ ಸ್ಕೀಗೆ ಎಷ್ಟು ದಿನದಿಂದ ಮೇಣ ಹಾಕಿರಲಿಲ್ಲವೋ. ಬೆಳಿಗ್ಗೆ ತೆಗೆದುಕೊಳ್ಳುವಾಗ ತಿರುಗಿಸಿ ನೋಡಬೇಕಿತ್ತು, ನೋಡಿರಲಿಲ್ಲ. ಗಟ್ಟಿ ಹಿಮದಲ್ಲೂ ಹದದ ಹಿಮದಲ್ಲೂ ಈ ಕೊರತೆ ಮರೆಯಲ್ಲಿತ್ತು, ನೀರು ಹೆಚ್ಚಾದಾಗ ಹೊರಬಿತ್ತು.

ಸ್ಕೀ ಜಾರುವುದು ನೀರಿನಿಂದ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು, ಉಜ್ಜುವಿಕೆಯ ಶಾಖಕ್ಕೆ ಹಿಮ ಕರಗಿ ತಳದಡಿ ಹುಟ್ಟುವ ತೆಳುವಾದ ನೀರಿನ ಪದರವೇ ಜಾರಿಕೆಗೆ ಕಾರಣ ಎಂದು ಪ್ರಯೋಗಗಳಿಂದ ತೋರಿಸಿದರು. ಚಳಿಯಲ್ಲಿ ಆ ನೀರು ಸಾಲದು, ವಸಂತದಲ್ಲಿ ವಿಪರೀತ. ತೊಳೆದ ಸ್ಟೀಲ್ ತಟ್ಟೆಗಳನ್ನು ಒದ್ದೆಯಿರುವಾಗಲೇ ಒಂದರ ಮೇಲೊಂದು ಇಟ್ಟರೆ ಬಿಡಿಸಲು ಎಷ್ಟು ಕಷ್ಟ! ಒದ್ದೆ ಹಿಮಕ್ಕೂ ನುಣುಪಾದ ತಳಕ್ಕೂ ಆಗುವುದು ಅದೇ. ಅದನ್ನು ತಪ್ಪಿಸಲು ಎರಡು ದಾರಿ. ಒಂದು, ಕಲ್ಲಿನ ಚಕ್ರಕ್ಕೆ ಹಿಡಿದು ತಳದುದ್ದಕ್ಕೂ ಸಣ್ಣ ಗೀರು ಹಾಕಿಸುವುದು, ನೀರು ಆ ಕಾಲುವೆಗಳಲ್ಲಿ ಹರಿದು ಹೋಗುತ್ತದೆ. ನಮ್ಮ ಅಜ್ಜಿಯ ಮನೆಯಲ್ಲಿ ಬೀಸುವ ಕಲ್ಲು ನುಣುಪಾಯಿತೆಂದರೆ ಬೀದಿಯಲ್ಲಿ ಕೂಗಿಕೊಂಡು ಹೋಗುವ ಕಲ್ಲು ಕುಟ್ಟುವವರನ್ನು ಕರೆಸಿ ಉಳಿಪೆಟ್ಟು ಹಾಕಿಸುತ್ತಿದ್ದರು. ಅಲ್ಲಿ ಕಾಳು ಹಿಡಿಯಲು ಗೀರು, ಇಲ್ಲಿ ನೀರು ಬಿಡಲು. ಇನ್ನೊಂದು ದಾರಿ ಮೇಣ. ಬೆಚ್ಚನೆಯ ಹಿಮಕ್ಕೆ ಮೆತ್ತನೆಯ ಮೇಣ, ಅದು ನೀರನ್ನು ಹತ್ತಿರ ಸೇರಿಸುವುದಿಲ್ಲ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಪರ್ಧಿಸುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಂತೂ ಆ ದಿನದ ಹಿಮಕ್ಕೆ ಸರಿಯಾದ ಮೇಣ ಆರಿಸುವುದೇ ದೊಡ್ಡ ವಿದ್ಯೆ.

ಒಂದು ಕಾಲಕ್ಕೆ ಒದ್ದೆ ಹಿಮಕ್ಕೆ ಫ್ಲೋರಿನ್ ಬೆರೆಸಿದ ಮೇಣವನ್ನು ಮೀರಿಸಿದ್ದಿರಲಿಲ್ಲ. ಆ ರಾಸಾಯನಿಕ ಮಣ್ಣಿನಲ್ಲಿ, ನೀರಿನಲ್ಲಿ, ಮೈಯಲ್ಲಿ ನಾಶವಾಗದೆ ಉಳಿಯುತ್ತದೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಋತುವಿನಿಂದ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಈ ಬೆಟ್ಟದ ಹಿಮ ಕರಗಿ ಟ್ರಕೀ ನದಿ ಸೇರುತ್ತದೆ, ಕೆಳಗೆ ರೀನೊ ಊರಿನ ಜನ ಕುಡಿಯುವುದು ಆ ನೀರನ್ನೇ. ನಮ್ಮ ಒಂದು ಮಧ್ಯಾಹ್ನದ ಜಾರಿಕೆಗಾಗಿ ಅದರಲ್ಲಿ ವಿಷ ಸೇರಬಾರದು.

ಜೇಬಿನಲ್ಲಿ ಉಜ್ಜುವ ಮೇಣದ ಡಬ್ಬಿ ಇತ್ತು, ಫ್ಲೋರಿನ್ ಇಲ್ಲದ್ದು. ತಳವನ್ನು ಬಟ್ಟೆಯಿಂದ ಒರೆಸಿ ಒರೆಸಿ ಮಸಿ ತೆಗೆದೆವು. ಬಟ್ಟೆ ಎರಡು ಸಲ ಮಡಚಬೇಕಾಯಿತು. ಹುಡುಗ ಮೇಣ ಬಳಿದ, ನಾನು ಬೆಂಡಿನ ತುಂಡಿನಿಂದ ಬಿಸಿಯೇರುವವರೆಗೆ ತಿಕ್ಕಿದೆ. ನ್ಯಾಯ ಸಮವಾಗಿರಲೆಂದು 88ಕ್ಕೂ 96ಕ್ಕೂ ಅದೇ ಮೇಣ, ಅಷ್ಟೇ ತಿಕ್ಕಾಟ.

ಹೀಗೆ ಕೂತಾಗ ಹುಡುಗ ಪಟ್ಟಿ ತೆಗೆದ. "96ನ್ನೇ ತಗೋಳೋದು ಅಂದ್ಕೊಂಡಿದೀನಿ" ಎಂದ. ನನ್ನ ಮನಸ್ಸೂ ಅದೇ. ಸಿಯೆರಾದಲ್ಲಿ ಒಂದೇ ಜೊತೆ ಇಟ್ಟುಕೊಳ್ಳುವವರಿಗೆ 95ರಿಂದ 100ರ ನಡುವಿನ ಸೊಂಟ, ಒಳಗೆ ಲೋಹ, ತುದಿಯಲ್ಲಿ ಮಾತ್ರ ಹಿತವಾದ ರಾಕರ್, ಪಾದದಡಿ ಕ್ಯಾಂಬರ್, ಇಷ್ಟಿದ್ದರೆ ಯಾವ ಹೊತ್ತಿನಲ್ಲೂ ಕೈಬಿಡುವುದಿಲ್ಲ. ಬೆಳಿಗ್ಗೆ 70ರಷ್ಟು ಕಚ್ಚದು, ಆದರೆ ಹೆದರಿಸದು. ಸ್ಕೀಯನ್ನು ಅದರ ಒಳ್ಳೆಯ ಗಂಟೆಯಿಂದ ಅಳೆಯಬಾರದು, ಅದರ ಕೆಟ್ಟ ಗಂಟೆ ಎಷ್ಟು ಕೆಟ್ಟದ್ದೆಂದು ನೋಡಬೇಕು. ಇದನ್ನು ಅವನಿಗೆ ಹೇಳಿದೆ. ತಲೆಯಾಡಿಸಿದ. ಆದರೆ ಅವನ ಕಣ್ಣು 108ರ ಮೇಲೇ ಇತ್ತು. ಮೂರು ವರ್ಷ ಕಲಿತ ಹುಡುಗನಿಗೆ, 108ಕ್ಕೆ ಒಂದು ಅನ್ಯಾಯವಾಗಿದೆ ಎಂದು ತಿಳಿದ ಮೇಲೆ ಸುಮ್ಮನೆ ಹೊರಡಲಾಗಲಿಲ್ಲ.

ಮೂರು ಗಂಟೆ. ಹಿಮ ಈಗ ಬೇಯಿಸಿ ಬಿಟ್ಟ ಗಂಜಿ. ಕಣಿವೆಯ ಆಚೆ, ಸ್ಕೀ ಮಾರ್ಗಗಳಿಲ್ಲದ ಕಡಿದಾದ ಬದಿಗಳಲ್ಲಿ ಒದ್ದೆ ಹಿಮದ ಉಂಡೆಗಳು ತಾವಾಗಿ ಉರುಳಿ ಗೆರೆ ಬರೆದಿದ್ದವು. ಅಂಥ ಗೆರೆ ಕಂಡ ಮೇಲೆ ಕಾವಲಿಲ್ಲದ ಇಳಿಜಾರಿಗೆ ಯಾರೂ ಕಾಲಿಡಬಾರದು. ಮುಂದೆ ಇಳಿಯುವುದು ಉಂಡೆಯಲ್ಲ, ಇಡೀ ಹಾಸು. ನಾವು ಮಾರ್ಗದ ನಡುವಿನಲ್ಲೇ ಹೊರಟೆವು. ಹುಡುಗ 108, ನಾನು 88.

ಮೊದಲ ನೂರು ಮೀಟರ್ ಅವನು ಹೆದರಿಕೊಂಡೇ ಹಿಂದಕ್ಕೆ ವಾಲಿದ್ದ, ಎಲ್ಲಿ ನಿಂತುಬಿಡುತ್ತದೋ ಎಂದು. ನಿಲ್ಲಲಿಲ್ಲ. ಮೈ ಮುಂದಕ್ಕೆ ತಂದ. ಗುಡ್ಡೆಯೊಂದು ಅಡ್ಡ ಬಂತು. 88ರ ಮೇಲಿದ್ದ ನಾನು ಅದನ್ನು ಸುತ್ತಿ ಬಂದೆ. ಅವನು ಅದರ ಮೇಲೆಯೇ ಹತ್ತಿ, ಅಲೆಯ ಮೇಲೆ ದೋಣಿ ಏರಿ ಇಳಿದಂತೆ, ತುದಿ ಎತ್ತಿಕೊಂಡು ಆಚೆ ಹೋದ. ಮುಂದಿನದೂ ಹಾಗೇ. ಬೆಳಿಗ್ಗೆ ಬಡಿದುಕೊಳ್ಳುತ್ತಿದ್ದ ಅದೇ ತುದಿಗಳು ಈಗ ಸದ್ದಿಲ್ಲದೆ ಹಿಮದ ಮೇಲೆ ಒರಗಿದ್ದವು. ನನಗಿಂತ ಬಹಳ ಮುಂದೆ, ಕೆಳಗೆ, ಬಿಸಿಲಿಗೆ ಕೈ ಎತ್ತಿ ನಿಂತಿದ್ದ.

ಲಿಫ್ಟಿನಲ್ಲಿ ಕೂತ ಮೇಲೆ ಹಲ್ಲಿನಿಂದ ಕೈಗವಸು ಎಳೆದು ನೋಟ್‌ಬುಕ್ ತೆಗೆದ. ಪುಟ ಒದ್ದೆಯಾಗಿ ಪೆನ್ಸಿಲ್ ಸರಿಯಾಗಿ ಓಡಲಿಲ್ಲ. ‘ಬೇಡ’ ಎಂದಿದ್ದದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ‘3.20, ಮೇಣ ಹಾಕಿದ ಮೇಲೆ’ ಎಂದು ಬರೆದು, ಮುಂದಿನ ಜಾಗ ಹಾಗೇ ಬಿಟ್ಟ.

"ಪದ ಬರೀಲಿಲ್ಲ?" ಎಂದೆ.

"ಬರ್ತಿಲ್ಲ ಮಾವ. ಇನ್ನೊಂದ್ಸಲ ಹೋಗ್ಬೇಕು."

ಲಿಫ್ಟ್ ನಿಲ್ಲಿಸಲು ಇನ್ನೂ ಹೊತ್ತಿತ್ತು. ಮೇಲೆ ಇಳಿದು ನನ್ನ 88ನ್ನು ಅವನ ಕಡೆ ತಳ್ಳಿ, 108ಕ್ಕೆ ಕೈ ಚಾಚಿದೆ. ಅವನು ಜಾಕೆಟ್ಟಿನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದುಕೊಟ್ಟ.